ಸೂರು ಸುಡುವ ಮನೆಯಲ್ಲಿ ಬೇಸಿಗೆ

ಹಾಸನವನ್ನು ಬಡವರ ಊಟಿ ಅಂತ ಕರೆಯುವ ವಾಡಿಕೆ ಹಳೆಯದು. ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿಗೂ ಮೇಲಿರುವ ಊರು. ಚಿಕ್ಕಮಗಳೂರು ಇನ್ನೂ ಸ್ವಲ್ಪ ಎತ್ತರ. ಇಲ್ಲಿ ಮನೆ ಕಟ್ಟಿಸಿದವರು ಚಳಿಗೆ ಹೆದರಿದರು, ಮಳೆಗೆ ಹೆದರಿದರು. ಬಿಸಿಲಿಗೆ ಹೆದರಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಹಾಗಾಗಿ ನಾಲ್ಕೈದು ಇಂಚಿನ ಮೋಲ್ಡ್ (ಕಾಂಕ್ರೀಟಿನ ಚಾವಣಿ), ಆರಿಂಚಿನ ಸಾಲಿಡ್ ಬ್ಲಾಕಿನ ಗೋಡೆ, ಹೊರಗಡೆ ಪ್ಲಾಸ್ಟರ್ ಆದರೆ ಆಯಿತು ಇಲ್ಲದಿದ್ದರೆ ಇಲ್ಲ. ಅಷ್ಟೂ ಕೈಲಾಗದವರಿಗೆ ತಗಡು ಅಥವಾ ಸಿಮೆಂಟ್ ಶೀಟು. ಯುಗಾದಿ ಕಳೆದು ಭರಣಿ ಮಳೆಗೆ ಕಾಯುವ ದಿನಗಳಲ್ಲಿ ಇಂಥ ಮನೆಯೊಳಗೆ ಅಜ್ಜಿ, ಕೂಸು, ಪರೀಕ್ಷೆ ಮುಗಿಸಿ ಮನೆಯಲ್ಲೇ ಉಳಿದ ಮಕ್ಕಳು, ಒಲೆ ಮುಂದೆ ನಿಂತವರು ಎಲ್ಲರೂ ಹಗಲು ಕಳೆಯಬೇಕು. ಬೀದಿಯ ಹೊಂಗೆ ಮರದಡಿ ತಂಪಾಗಿರುತ್ತದೆ, ಮನೆಯೊಳಗೆ ಧಗೆ ಹೊಡೆಯುತ್ತದೆ.

ಈ ಧಗೆ ಸರ್ಕಾರದ ಲೆಕ್ಕಕ್ಕೆ ಬಹುಪಾಲು ಸಿಗುವುದೇ ಇಲ್ಲ. ಹವಾಮಾನ ಇಲಾಖೆ ಬಯಲು ಪ್ರದೇಶಕ್ಕೆ ಬಿಸಿಗಾಳಿ ಅಂತ ಘೋಷಿಸಬೇಕಾದರೆ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿರಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಗುಡ್ಡಗಾಡಿಗೆ ಆ 40ರ ಬದಲು 30. ಅಳೆಯುವ ಥರ್ಮಾಮೀಟರ್ ಇರುವುದು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ. ಅದು 35 ತೋರಿಸುವ ಹೊತ್ತಿಗೆ ನಿಮ್ಮ ಮನೆಯ ಶೀಟು 60 ದಾಟಿರುತ್ತದೆ. ಆ ಶೀಟಿನಡಿ ಆರಡಿ ಕೆಳಗೆ ಕೂತವರ ನೆತ್ತಿಗೆ ಬಡಿಯುವ ಝಳವನ್ನು ಯಾವ ಬುಲೆಟಿನ್ನೂ ಹೇಳುವುದಿಲ್ಲ. ಆದ್ದರಿಂದ ಪೇಪರಿನಲ್ಲಿ ಬಂದ ಅಂಕಿ ನೋಡಿ ಮನೆಯವರ ಸಂಕಟವನ್ನು ಅಳೆಯಬೇಡಿ. ಗೋಡೆಗೆ ನೇತುಹಾಕುವ ಅಗ್ಗದ ಥರ್ಮಾಮೀಟರ್ ಎರಡು ತನ್ನಿ. ಒಂದು ಎಲ್ಲರೂ ಕೂರುವ ಕೋಣೆಯಲ್ಲಿ, ಇನ್ನೊಂದು ಮನೆಯ ಉತ್ತರಕ್ಕೆ ಹೊರಗೆ, ನೆರಳಿನಲ್ಲಿ. ಮುಂದೆ ಹೇಳುವುದರಲ್ಲಿ ಅರ್ಧಕ್ಕರ್ಧ ಈ ಎರಡು ಅಂಕಿಗಳ ಮೇಲೇ ನಿಂತಿದೆ.

ಸೂರ್ಯ ಎಲ್ಲಿದ್ದಾನೆ ಅನ್ನುವುದು ಮೊದಲ ವಿಷಯ. ಹಾಸನ, ಚಿಕ್ಕಮಗಳೂರು ಎರಡೂ ಸರಿಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ 25ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ನೇರಕ್ಕೆ ಬರುತ್ತಾನೆ. ಆಮೇಲೆ ಆಗಸ್ಟ್ ನಡುವಿನವರೆಗೂ ಮಧ್ಯಾಹ್ನದ ಹೊತ್ತು ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಅಂದರೆ ಬಿರು ಬೇಸಿಗೆಯಲ್ಲಿ ತೆಂಕಣ ಗೋಡೆಗೆ ಹೆಚ್ಚುಕಡಿಮೆ ಬಿಸಿಲೇ ಇಲ್ಲ. ಬೀಳುವುದೆಲ್ಲ ಸೂರಿನ ಮೇಲೆ, ಆಮೇಲೆ ಪಡುವಣ ಗೋಡೆಯ ಮೇಲೆ. ಕೈಯಲ್ಲಿ ಸಾವಿರ ರೂಪಾಯಿ ಮಾತ್ರ ಇದ್ದರೆ ಅದನ್ನು ಕಿಟಕಿ ಪರದೆಗೆ ಹಾಕಬೇಡಿ, ಫ್ಯಾನಿಗೂ ಹಾಕಬೇಡಿ. ಸೂರಿಗೆ ಹಾಕಿ.

ಸೂರು ಅಂದರೂ ಎಲ್ಲ ಸೂರುಗಳ ಗುಣ ಒಂದೇ ಅಲ್ಲ. ಸಲಹೆ ಕೊಡುವವರು ಎಡವುವುದು ಇಲ್ಲೇ. ಮೋಲ್ಡ್ ಬಿಸಿಲನ್ನು ಕುಡಿದು ಇಟ್ಟುಕೊಳ್ಳುತ್ತದೆ. ಬೆಳಿಗ್ಗೆ ಹನ್ನೊಂದರವರೆಗೂ ಒಳಗೆ ಹಿತವಾಗಿರುತ್ತದೆ. ಮೇಲೆ ಬಿದ್ದ ಶಾಖ ಒಳಮೈಗೆ ಇಳಿಯಲು ಮೂರು ನಾಲ್ಕು ಗಂಟೆ ಬೇಕು, ಸಂಜೆ ಐದಕ್ಕೆ ಅದು ಬಿಡಲು ಶುರು ಮಾಡಿದರೆ ರಾತ್ರಿ ಹನ್ನೊಂದಾದರೂ ಮುಗಿಯದು. ಹೊರಗೆ ಗಾಳಿ 23ಕ್ಕೆ ಇಳಿದಿದ್ದರೂ ಮಂಚದ ಮೇಲೆ ಮಲಗಿದವರ ಮೈಗೆ ಚಾವಣಿಯಿಂದ ಬಿಸಿ ಇಳಿಯುತ್ತಲೇ ಇರುತ್ತದೆ. ಶೀಟು ಇದಕ್ಕೆ ತಿರುಗುಮುರುಗು. ಅದಕ್ಕೆ ಇಟ್ಟುಕೊಳ್ಳುವ ಗುಣವಿಲ್ಲ. ಬಿಸಿಲು ಬಿದ್ದ ಅರ್ಧ ಗಂಟೆಗೆ ಕಾಯುತ್ತದೆ, ಮೋಡ ಅಡ್ಡ ಬಂದರೆ ಹತ್ತು ನಿಮಿಷಕ್ಕೆ ಆರುತ್ತದೆ, ರಾತ್ರಿ ಎಂಟರ ಹೊತ್ತಿಗೆ ಮೋಲ್ಡ್ ಮನೆಗಿಂತ ಎಷ್ಟೋ ತಂಪು.

ಇದರಿಂದ ಸಂಸಾರಕ್ಕೆ ನೇರ ಉಪಯೋಗವಿದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮುಂದೆ ಎರಡು ಕೋಣೆ ಮೋಲ್ಡ್, ಹಿಂದೆ ಅಡುಗೆಮನೆಗೋ ಹಜಾರಕ್ಕೋ ಶೀಟು ಇಳಿಸಿರುತ್ತಾರೆ. ಹಗಲೆಲ್ಲ ಹಿರಿಯರನ್ನೂ ಕೂಸನ್ನೂ ಮೋಲ್ಡ್ ಕೋಣೆಯಲ್ಲಿಡಿ. ಎಂಟು ಗಂಟೆ ಆದಮೇಲೆ ಹಾಸಿಗೆಗಳನ್ನು ಶೀಟಿನ ಭಾಗಕ್ಕೆ ಸಾಗಿಸಿ. ಮಂಚ ಬೇಡ, ಚಾಪೆ ಸಾಕು: ನೆಲ ಭೂಮಿಗೆ ತಾಗಿರುವುದರಿಂದ ಅದೇ ಮನೆಯ ಅತಿ ತಂಪಾದ ಜಾಗ. ಮಲಗುವ ಕೋಣೆ ಎಂದು ಹೆಸರಿಟ್ಟ ಕಡೆಯೇ ಮಲಗಬೇಕು ಅಂತ ಹಟ ಹಿಡಿದು ಎರಡು ತಿಂಗಳು ನಿದ್ದೆಗೆಡುವ ಮನೆಗಳನ್ನು ಕಂಡರೆ ಸಂಕಟವಾಗುತ್ತದೆ.

ಈಗ ಮೋಲ್ಡಿಗೆ ಏನು ಮಾಡಬೇಕು ನೋಡೋಣ. ಹತ್ತು ಮಳೆಗಾಲ ಕಂಡ ತಾರಸಿ ಪಾಚಿ ಕಟ್ಟಿ ಕಪ್ಪಾಗಿರುತ್ತದೆ, ಬಿದ್ದ ಬಿಸಿಲಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಒಳಗೆ ಎಳೆದುಕೊಳ್ಳುತ್ತದೆ. ಹೊಸದಾಗಿ ಸುಣ್ಣ ಬಳಿದ ತಾರಸಿ ಮುಕ್ಕಾಲು ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಒಳಗಿನ ಉಷ್ಣಾಂಶ 2ರಿಂದ 5 ಡಿಗ್ರಿಯವರೆಗೂ ಇಳಿಯುತ್ತದೆ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಬಹಳ ಜೀವ ಕಳೆದುಕೊಂಡ ಅಹಮದಾಬಾದ್ 2013ರಲ್ಲಿ ಅದಕ್ಕೆಂದೇ ಯೋಜನೆ ಮಾಡಿಕೊಂಡಿತು. ಬಡವರ ಮನೆಗಳ ಚಾವಣಿಗೆ ಬಿಳಿ ಬಳಿಯುವುದು ಮುಂದೆ ಅದರ ಭಾಗವಾಯಿತು. ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ನೀತಿ ತಂದಿತು. ನಮ್ಮಲ್ಲಿ ಯಾರ ಯೋಜನೆಗೂ ಕಾಯಬೇಕಿಲ್ಲ. ಸುಣ್ಣ ಸಂತೆಯಲ್ಲೇ ಸಿಗುತ್ತದೆ.

600 ಚದರ ಅಡಿ ತಾರಸಿಗೆ ಮೂರು ಸಲ ಬಳಿಯಲು 10ರಿಂದ 12 ಕೆಜಿ ಸುಟ್ಟ ಸುಣ್ಣದ ಕಲ್ಲು ತಂದುಕೊಳ್ಳಿ. ತಾರಸಿ ಒರಟಾಗಿದ್ದರೆ ಇನ್ನೂ ಒಂದೆರಡು ಕೆಜಿ ಕುಡಿಯುತ್ತದೆ. ಕೆಜಿಗೆ ಐದು ಲೀಟರ್ ನೀರಿನ ಲೆಕ್ಕ. ಹಳೆಯ ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ತುಂಬಿ, ಆಮೇಲೆ ಸುಣ್ಣದ ಕಲ್ಲನ್ನು ಸ್ವಲ್ಪಸ್ವಲ್ಪವೇ ಬಿಡಿ. ಕಲ್ಲಿನ ಮೇಲೆ ನೀರು ಹೊಯ್ಯಬಾರದು. ಸುಣ್ಣ ಅರಳುವಾಗ ನೀರು ಕುದಿಯುತ್ತದೆ, ಸಿಡಿಯುತ್ತದೆ, ಪ್ಲಾಸ್ಟಿಕ್ ಬಕೆಟ್ಟು ಮೆತ್ತಗಾಗಿ ಒಡೆದೇ ಹೋಗಬಹುದು. ಮಕ್ಕಳು ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇರಲಿ. ಕಣ್ಣಿಗೆ ಸಿಡಿದರೆ ಉಜ್ಜದೆ, ಹರಿಯುವ ನೀರಿನಲ್ಲಿ ಕಾಲು ಗಂಟೆ ಬಿಡದೆ ತೊಳೆದು ಆಸ್ಪತ್ರೆಗೆ ಓಡಬೇಕು. ಇಪ್ಪತ್ನಾಲ್ಕು ಗಂಟೆ ಹಾಗೇ ಬಿಟ್ಟು, ಮರುದಿನ ಕಲಕಿ, ಒರಟು ಬಟ್ಟೆಯಲ್ಲಿ ಸೋಸಿ. ಪ್ರತಿ 10 ಲೀಟರಿಗೆ 40 ಗ್ರಾಂ ಅಂಟನ್ನು ಬಿಸಿನೀರಿನಲ್ಲಿ ಕರಗಿಸಿ ಬೆರೆಸಿ. ಗೋಡೆಗೆ ಬಳಿಯುವಾಗ ಹಾಕುವ ನೀಲಿ ಇಲ್ಲಿ ಬೇಡ. ಅದು ಕಣ್ಣಿಗೆ ಚಂದ, ಬಿಸಿಲನ್ನು ಹಿಂದಕ್ಕೆ ಕಳಿಸುವುದಕ್ಕೆ ಏನೂ ಸಹಾಯ ಮಾಡದು.

ಕೆಡುವುದು ಸುಣ್ಣದಿಂದಲ್ಲ, ಅವಸರದಿಂದ. ಪಾಚಿ ಕೆರೆಯದೆ ಬಳಿದರೆ ಸುಣ್ಣ ಪಾಚಿಗೆ ಅಂಟಿಕೊಂಡು ಪಾಚಿಯ ಜೊತೆಗೇ ಎದ್ದು ಬರುತ್ತದೆ. ತಂತಿ ಬ್ರಷ್ಷಿನಲ್ಲಿ ಉಜ್ಜಿ, ತೊಳೆದು, ಬಿರುಕುಗಳನ್ನು ಮುಚ್ಚಿ, ತಾರಸಿ ಇನ್ನೂ ತೇವವಿರುವಾಗಲೇ ಬಳಿಯಬೇಕು. ಕಾದ ಒಣ ತಾರಸಿಯ ಮೇಲೆ ಮಧ್ಯಾಹ್ನ ಬಳಿದರೆ ನೀರು ಆ ಕ್ಷಣಕ್ಕೇ ಆರಿ ಸುಣ್ಣ ಪುಡಿಯಾಗಿಯೇ ಉಳಿಯುತ್ತದೆ, ಕಾಲಿಟ್ಟರೆ ಪಾದಕ್ಕೆ ಹತ್ತುತ್ತದೆ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ, ಅದಕ್ಕೆ ತೇವ ಬೇಕು. ಸಂಜೆ ಐದರ ಮೇಲೆ ತೆಳ್ಳಗೆ ಒಂದು ಕೋಟು, ಮರುದಿನ ಬೆಳಿಗ್ಗೆ ನೀರು ಚಿಮುಕಿಸಿ ಅದಕ್ಕೆ ಅಡ್ಡಲಾಗಿ ಇನ್ನೊಂದು, ಸಂಜೆಗೆ ಮೂರನೆಯದು. ದಪ್ಪಗೆ ಒಂದೇ ಸಲ ಬಳಿದದ್ದು ಹಪ್ಪಳದಂತೆ ಏಳುತ್ತದೆ. ಶಿವರಾತ್ರಿ ಕಳೆದ ವಾರದಲ್ಲಿ ಮಾಡಿ ಮುಗಿಸಿದರೆ ಮೊದಲ ಅಡ್ಡಮಳೆಗೆ ತೊಳೆದುಹೋಗುವ ಭಯವಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗೆ ಒಂದು ವರ್ಷಕ್ಕಿಂತ ಹೆಚ್ಚು ಬಾಳುವುದಿಲ್ಲ, ವರ್ಷವರ್ಷವೂ ಬಳಿಯಬೇಕು. ಅರಸೀಕೆರೆ, ಕಡೂರಿನ ಒಣ ಸೀಮೆಯಲ್ಲಿ ಎರಡನೆಯ ಬೇಸಿಗೆಗೂ ಒಂದಿಷ್ಟು ಉಳಿಯುತ್ತದೆ.

ಪೇಂಟಿಗೆ ಹೋಗುವವರು ಡಬ್ಬಿಯ ಮೇಲೆ ಎಸ್‌ಆರ್‌ಐ ಎಂಬ ಅಂಕಿ ಹುಡುಕಲಿ, ಬಿಸಿಲಿಗೆ ಕಾಯದೆ ಉಳಿಯುವ ಗುಣವನ್ನು ಅದು ಹೇಳುತ್ತದೆ. ಅಚ್ಚ ಕಪ್ಪಿಗೆ ಸೊನ್ನೆ, ಅಚ್ಚ ಬಿಳುಪಿಗೆ 100 ಎಂಬ ಅಳತೆ ಅದು. 100ರ ಹತ್ತಿರ ಇರುವುದನ್ನೇ ಕೊಳ್ಳಿ. ಒಂದೇ ಸಲ ಖರ್ಚಾದರೂ ಪರವಾಗಿಲ್ಲ ಅನ್ನುವವರಿಗೆ ಬಿಳಿ ಟೈಲಿನ ಚೂರು ಒಳ್ಳೆಯದು. ಟೈಲ್ ಅಂಗಡಿಯಲ್ಲಿ ಒಡೆದ ಮಾಲು ಅಗ್ಗಕ್ಕೆ ಸಿಗುತ್ತದೆ. ಆದರೆ ಒಂದಿಂಚು ಗಾರೆ ಹಾಕಿ ಕೂರಿಸಿದರೆ ಚದರ ಅಡಿಗೆ ಐದಾರು ಕೆಜಿ ಭಾರ ಏರುತ್ತದೆ, ಹಳೆಯ ತೆಳು ಮೋಲ್ಡ್ ಆದರೆ ಎಂಜಿನಿಯರಿಗೆ ತೋರಿಸದೆ ಮಾಡಿಸಬೇಡಿ. ತಂಪಿಗೆಂದು ತಾರಸಿಯ ತುಂಬ ಮಣ್ಣು ಹರಡುವವರಿಗೂ ಇದೇ ಮಾತು.

ಬಿಳಿ ಬಳಿಯುವ ಅನುಕೂಲ ಇಲ್ಲದವರು, ಬಾಡಿಗೆ ಮನೆಯವರು, ನೀರನ್ನೇ ನೆಚ್ಚಿಕೊಳ್ಳುತ್ತಾರೆ. ಅದೂ ಸರಿ, ಹೊತ್ತು ನೋಡಿ ಹಾಕಬೇಕು. 600 ಚದರ ಅಡಿಯ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ಸುಮಾರು 55 ಲೀಟರ್, ನಾಲ್ಕು ಬಕೆಟ್. ಒಂದು ಲೀಟರ್ ನೀರು ಆವಿಯಾಗಲು ಹೀರುವ ಶಾಖ ಒಂದು ಸಾವಿರ ವ್ಯಾಟಿನ ಹೀಟರ್ ನಲವತ್ತು ನಿಮಿಷ ಉರಿದಷ್ಟು. ಹಾಗಾಗಿ ನಾಲ್ಕು ಬಕೆಟ್ ಏನೂ ಕಡಿಮೆಯಲ್ಲ. ಮಧ್ಯಾಹ್ನ ಎರಡಕ್ಕೆ ಹೊಯ್ದ ನೀರು ಹತ್ತು ನಿಮಿಷದಲ್ಲಿ ಮಾಯವಾಗಿ, ಮತ್ತೆ ಬಿಸಿಲು ಬಿದ್ದು ಮೊದಲಿನ ಸ್ಥಿತಿಗೇ ಬರುತ್ತದೆ. ಕಾದ ಕಾಂಕ್ರೀಟು ಹಠಾತ್ತನೆ ತಣಿದರೆ ಕೂದಲೆಳೆಯ ಬಿರುಕೂ ಬರಬಹುದು. ಬಿಸಿಲು ಜಾರಿದ ಮೇಲೆ, ಐದೂವರೆಗೆ ಎರಡು ಬಕೆಟ್, ಏಳಕ್ಕೆ ಎರಡು. ಹಳೆಯ ಗೋಣಿಚೀಲ ಹಾಸಿ ಅದರ ಮೇಲೆ ಹೊಯ್ದರೆ ನೀರು ಹರಿದು ಪೋಲಾಗದೆ ನಿಂತು ಆರುತ್ತದೆ. ಕೊಳವೆಬಾವಿ ಬತ್ತುವ ಕಾಲದಲ್ಲಿ ಕುಡಿಯುವ ನೀರನ್ನು ತಾರಸಿಗೆ ಸುರಿಯುವುದು ಸರಿಯಲ್ಲ. ತರಕಾರಿ, ಅಕ್ಕಿ ತೊಳೆದದ್ದು, ಫಿಲ್ಟರಿನಿಂದ ಹೊರಹೋಗುವ ನೀರು, ಬಟ್ಟೆ ಜಾಲಿಸಿದ ಕೊನೆಯ ನೀರು ಸಾಕು.

ಶೀಟಿಗೆ ಸುಣ್ಣ ಬಳಿಯಬೇಡಿ. ಹೊಸ ತಗಡಿನ ಸತುವಿನ ಲೇಪವನ್ನು ಹಸಿ ಸುಣ್ಣ ತಿನ್ನುತ್ತದೆ, ನಿಲ್ಲುವುದೂ ಇಲ್ಲ. ತುಕ್ಕು ಉಜ್ಜಿ, ಪ್ರೈಮರ್ ಹೊಡೆದು, ಮೇಲೆ ಬಿಳಿ ಪೇಂಟ್ ಹೊಡೆಯಬೇಕು. ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇರುತ್ತದೆ. ಅದನ್ನು ಒಣಗಿದ್ದಾಗ ಉಜ್ಜುವುದು, ಡ್ರಿಲ್ ಹೊಡೆಯುವುದು, ಮುರಿಯುವುದು ಯಾವುದೂ ಬೇಡ, ಆ ಧೂಳು ಶ್ವಾಸಕೋಶಕ್ಕೆ ವಿಷ. ನೀರು ಹಾಕಿ ಮೆತ್ತನೆ ಪೊರಕೆಯಲ್ಲಿ ತೊಳೆದು ಬಿಳಿ ಪೇಂಟ್ ಬಳಿಯಿರಿ. ಹತ್ತುವಾಗ ಶೀಟಿನ ಮೇಲೆ ನೇರ ಕಾಲಿಡಬಾರದು. ಶೀಟನ್ನು ಬಿಗಿದ ಜೆ ಬೋಲ್ಟಿನ ಸಾಲು ಕಂಡರೆ ಅದರಡಿ ತೊಲೆ ಇದೆ ಅಂತ ಅರ್ಥ. ಎರಡು ತೊಲೆಗಳಿಗೆ ಅಡ್ಡವಾಗಿ ಹಲಗೆ ಹಾಕಿ ಅದರ ಮೇಲೆ ಮಾತ್ರ ನಡೆಯಿರಿ. ಹಳೆಯ ಸಿಮೆಂಟ್ ಶೀಟು ಸೂಚನೆ ಕೊಡದೆ ಮುರಿಯುತ್ತದೆ. ತಂಪು ಮಾಡಲು ಹತ್ತಿದವರು ಬಿದ್ದು ಸೊಂಟ ಮುರಿದುಕೊಂಡರೆ ಆ ಸಂಸಾರದ ಗತಿ ಏನು?

ಬಣ್ಣಕ್ಕಿಂತಲೂ ಶೀಟಿಗೆ ಹೆಚ್ಚು ಒದಗುವುದು ಮೇಲಿನ ನೆರಳು. ಕಾಫಿ ನರ್ಸರಿ ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಲ್ಲಿ ಸಸಿಗಳಿಗೆ ನೆರಳಿಗೆಂದು ಕಟ್ಟುವ ಶೇಡ್ ನೆಟ್ಟನ್ನೇ ಶೀಟಿನಿಂದ ಒಂದಡಿ ಮೇಲೆ, ಗಳ ನೆಟ್ಟು ಕಟ್ಟಿ. ಶೀಟಿಗೆ ತಾಗಿಸಿ ಹಾಸಿದರೆ ನೆಟ್ಟಿನ ಬಿಸಿ ಶೀಟಿಗೇ ಇಳಿದು ಅರ್ಧ ಪ್ರಯೋಜನ ಹಾಳು. ನಡುವೆ ಗಾಳಿ ಓಡಾಡಬೇಕು. ಬಿಳಿ ಅಥವಾ ಬೆಳ್ಳಿ ಬಣ್ಣದ್ದು ಸಿಕ್ಕರೆ ಹಸಿರಿಗಿಂತ ಮೇಲು. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ತೆಂಗಿನ ಗರಿಗೆ ಬರವಿಲ್ಲ, ಮಲೆನಾಡಿನಲ್ಲಿ ಅಡಕೆ ಸೋಗೆ ಇದೆ. ಮದುವೆಗೆ ಚಪ್ಪರ ಹಾಕುವಂತೆಯೇ ಶೀಟಿನ ಮೇಲೂ ಹಾಕಬಹುದು. ಆದರೆ ಒಣಗಿದ ಗರಿಗೆ ಒಂದು ಕಿಡಿ ಸಾಕು. ಸೌದೆ ಒಲೆಯ ಹೊಗೆ ಹೋಗುವ ಕಡೆ ಗರಿ ಬೇಡವೇ ಬೇಡ. ಇಲಿ ಸೇರಿದರೆ ಹಾವು ಬರುತ್ತದೆ, ಅದನ್ನೂ ನೆನಪಿಡಿ.

ಶೀಟಿನ ಕೆಳಗೆ ಅಡ್ಡ ಚಾವಣಿ ಮಾಡಿಸುವವರು ಎರಡು ತಪ್ಪು ಮಾಡುತ್ತಾರೆ. ಮೊದಲನೆಯದು ಎಲ್ಲ ಕಡೆ ಮುಚ್ಚಿಬಿಡುವುದು. ಶೀಟಿಗೂ ಅಡ್ಡ ಚಾವಣಿಗೂ ನಡುವೆ ಮುಕ್ಕಾಲು ಅಡಿಯಿಂದ ಒಂದಡಿ ಜಾಗ ಇರಬೇಕು, ಆ ಜಾಗದ ಎರಡು ತುದಿಗೂ ಗಾಳಿ ಹೋಗಿ ಬರುವ ಕಿಂಡಿ ಬೇಕು, ಕಿಂಡಿಗೆ ಇಲಿ ಬಾರದಂತೆ ಜಾಲರಿ. ಕಿಂಡಿ ಇಲ್ಲದಿದ್ದರೆ ಬಿಸಿಗಾಳಿ ಅಲ್ಲೇ ಕೂತು ಸಂಜೆಯವರೆಗೂ ಕಾಯಿಸುತ್ತದೆ. ಎರಡನೆಯದು ಥರ್ಮಾಕೋಲ್. ಬೆಂಕಿ ಹತ್ತಿದರೆ ಕರಗಿ ತೊಟ್ಟಿಕ್ಕಿ ಉರಿಯುವ, ಉಸಿರು ಕಟ್ಟಿಸುವ ಹೊಗೆ ಬಿಡುವ ವಸ್ತುವನ್ನು ಮಕ್ಕಳು ಮಲಗುವ ಕಡೆ ತಲೆಯ ಮೇಲೆ ಇಡಬಾರದು. ಬಿದಿರಿನ ತಟ್ಟಿ, ಜಿಪ್ಸಮ್ ಬೋರ್ಡು, ಏನೂ ಆಗದಿದ್ದರೆ ಒಲೆಯಿಂದ ದೂರ ಕಟ್ಟಿದ ಹಳೆಯ ಹತ್ತಿ ಸೀರೆ ಕೂಡ ನೆತ್ತಿಗೆ ಬಡಿಯುವ ಝಳವನ್ನು ತಡೆಯುತ್ತದೆ. ಹೊಳೆಯುವ ಅಲ್ಯೂಮಿನಿಯಂ ಹಾಳೆ ಮಾರುವವರು ಶೀಟಿಗೆ ಅಂಟಿಸಿ ಕೊಡುತ್ತೇವೆ ಅನ್ನುತ್ತಾರೆ. ಆ ಹಾಳೆಯ ಹೊಳಪಿಗೆ ಎದುರಾಗಿ ಒಂದಿಂಚಾದರೂ ಬರೀ ಗಾಳಿ ಇರಬೇಕು, ಆಗಲೇ ಅದಕ್ಕೆ ಬೆಲೆ. ಹೊಳಪು ಮೇಲ್ಮುಖವಾಗಿದ್ದರೆ ಧೂಳು ಕೂತು ಎರಡು ವರ್ಷಕ್ಕೆ ಗುಣ ಹೋಗುತ್ತದೆ. ಕೆಳಮುಖವಾಗಿರಲಿ.

ಹೆಂಚಿನ ಮನೆಯವರು ಒಂದಿಷ್ಟು ಪುಣ್ಯವಂತರು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಘಟ್ಟ ಹತ್ತಿ ಬಂದ ಈ ಹೆಂಚು ಸಂದುಸಂದಿನಲ್ಲಿ ಉಸಿರಾಡುತ್ತದೆ. ಅಟ್ಟ, ಮುಚ್ಚಿಗೆ ಇರುವ ಹಳೆಯ ಮನೆಯಾದರೆ ಹೇಳುವುದೇ ಬೇಡ. ಮುಚ್ಚಿಗೆಯ ಹಲಗೆ ಮತ್ತು ಮಣ್ಣು ಮಾಡುವ ಕೆಲಸವನ್ನೇ ಇಂದು ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಿದ್ದೇವೆ. ರಿಪೇರಿಯ ತಲೆನೋವಿಗೆ ಮುಚ್ಚಿಗೆ ಕಿತ್ತು ಹಾಕುವವರು ಒಂದು ಬೇಸಿಗೆ ತಡೆದು ಯೋಚಿಸಲಿ. ಗಾಜಿನ ಹೆಂಚಿನ ಮೇಲೆ ಮಾತ್ರ ಏಪ್ರಿಲ್, ಮೇನಲ್ಲಿ ಗೋಣಿ ಹಾಕಿ, ಅದರಿಂದ ಬಿಸಿಲು ನೇರ ಒಳಗೇ ಇಳಿಯುತ್ತದೆ.

ಎಸ್ಟೇಟಿನಲ್ಲಿ ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಗಳದು ಬೇರೆಯದೇ ಕಷ್ಟ. ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಕೋಣೆ, ಮುಂದೆ ಒಂದು ಬಾಗಿಲು, ಹಿಂದೆ ಗಾಳಿಗೆ ದಾರಿಯೇ ಇಲ್ಲ, ಮೇಲೆ ಶೀಟು. ಮಳೆಗಾಲಕ್ಕೆ ಮುಂಚೆ ಮರಗಸಿ (ತೋಟದ ನೆರಳು ಮರಗಳ ಕೊಂಬೆ ಕಡಿಯುವುದು) ಮಾಡುವಾಗ ಲೈನಿನ ಸುತ್ತಲ ಕೊಂಬೆಗಳೂ ಹೋಗುತ್ತವೆ. ತೋಟದ ಮಾಲೀಕರು ಲೈನಿನ ಪಡುವಣಕ್ಕಿರುವ ಅತ್ತಿ, ಬಸರಿ, ಹಲಸನ್ನು ಮಳೆ ಹಿಡಿಯುವ ತನಕ ಬಿಟ್ಟು, ಮನೆ ಮೇಲೆ ಚಾಚಿದ ಒಣ ಕೊಂಬೆಯನ್ನಷ್ಟೇ ತೆಗೆಸಬೇಕು. ಸಿಲ್ವರ್ ಓಕಿನಿಂದ ಹೇಳಿಕೊಳ್ಳುವ ನೆರಳು ಬರುವುದಿಲ್ಲ. ಶೀಟಿನ ನೆತ್ತಿಯಲ್ಲಿ ಎರಡು ಮೂರು ಇಂಚು ಸಂದು ಬಿಟ್ಟು, ಮೇಲೆ ಎರಡೂ ಕಡೆ ಅರ್ಧ ಅಡಿ ಇಳಿಬೀಳುವ ಮುಚ್ಚಳದ ತಗಡು ಹೊಡೆಸಿದರೆ ಬಿಸಿಗಾಳಿ ತಾನಾಗಿ ಏರಿ ಹೋಗುತ್ತದೆ. ಬಾಗಿಲ ಬುಡದಲ್ಲೋ ಗೋಡೆಯ ಕೆಳಗೋ ಗಾಳಿ ಬರಲು ದಾರಿ ಇದ್ದರೆ ಮಾತ್ರ. ತಗಡಿನ ಮೇಲೆ ಗಿರಗಿರನೆ ತಿರುಗುವ ಬುಡ್ಡೆಗಳಿಗೂ ಇದೇ ನಿಯಮ. ದುಡಿಯುವವರ ಮನೆಯ ಗಾಳಿ ದಾನವಲ್ಲ, ಅದು ಅವರ ಕೂಲಿಯಷ್ಟೇ ನ್ಯಾಯವಾದದ್ದು.

ಪಡುವಣ ಗೋಡೆಗೆ ಸಜ್ಜಾ ಎಷ್ಟು ಉದ್ದ ಇಳಿಸಿದರೂ ಸಾಲದು, ಸಂಜೆಯ ಬಿಸಿಲು ಅಡ್ಡಡ್ಡ ನುಗ್ಗುತ್ತದೆ. ಗೋಡೆಯಿಂದ ಒಂದಡಿ ದೂರ ನಿಂತ ತಡೆಯೇ ಬೇಕು. ಸಂಕ್ರಾಂತಿಯ ವಾರದಲ್ಲಿ ಸೋರೆ ಅಥವಾ ಹಾಗಲ ಬೀಜ ಹಾಕಿ ಹಂದರಕ್ಕೆ ಹಬ್ಬಿಸಿದರೆ ಏಪ್ರಿಲಿಗೆ ಹಸಿರು ಗೋಡೆ ಸಿದ್ಧ. ಸೀಮೆಬದನೆ, ಬಸಳೆಯೂ ಆಗುತ್ತದೆ. ಕಿಟಕಿಗೆ ಒಳಗೆ ಹಾಕುವ ಪರದೆಗಿಂತ ಹೊರಗೆ ಕಟ್ಟಿದ ಗೋಣಿ ಎಷ್ಟೋ ಮೇಲು. ಗಾಜು ದಾಟಿ ಒಳಗೆ ಬಂದ ಬಿಸಿಲು ಪರದೆಗೆ ಬಿದ್ದರೂ ಮನೆಯೊಳಗೇ ಉಳಿಯಿತಲ್ಲ.

ಈಗ ಕಿಟಕಿಯ ಹೊತ್ತು. ನಮ್ಮ ಜಿಲ್ಲೆಗಳ ದೊಡ್ಡ ಆಸ್ತಿ ನಮ್ಮ ರಾತ್ರಿ. ಹಗಲು 36 ಇದ್ದರೂ ಬೆಳಗಿನ ಜಾವಕ್ಕೆ ಸಾಮಾನ್ಯವಾಗಿ 22ರ ಆಸುಪಾಸಿಗೆ ಇಳಿಯುತ್ತದೆ, ಕರಾವಳಿಗೆ ಈ ಭಾಗ್ಯವಿಲ್ಲ. ಮೋಲ್ಡ್ ಮನೆಯವರು ರಾತ್ರಿ ಹೊರಗಿನ ಥರ್ಮಾಮೀಟರ್ ಒಳಗಿನದಕ್ಕಿಂತ ಕೆಳಗಿಳಿದ ಕ್ಷಣ ಎಲ್ಲ ತೆರೆಯಬೇಕು, ಬೆಳಿಗ್ಗೆ ಹೊರಗಿನದು ಮೇಲೇರಿದ ಕ್ಷಣ ಮುಚ್ಚಬೇಕು. ಅದು ಎಂಟೂವರೆ ಒಂಬತ್ತರ ಹೊತ್ತು. ಶೀಟಿನ ಮನೆಯವರು ಹೀಗೆ ಮುಚ್ಚಿದರೆ ಬೆಂದೇ ಹೋಗುತ್ತಾರೆ: ಅಲ್ಲಿ ಹಗಲು ಒಳಗೇ ಹೊರಗಿಗಿಂತ ಬಿಸಿ, ಆದ್ದರಿಂದ ಎಲ್ಲವೂ ತೆರೆದೇ ಇರಬೇಕು. ವೆಂಟಿಲೇಟರುಗಳನ್ನೂ ನೋಡಿ. ಮಾಗಿಯ ಚಳಿಗೆ ರಟ್ಟು ತುರುಕಿ ಮುಚ್ಚಿದ್ದನ್ನು ಬೇಸಿಗೆಗೆ ತೆಗೆಯಲು ಮರೆತ ಮನೆಗಳೇ ಹೆಚ್ಚು. ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚುವ ಬದಲು ಹಾಸಿಗೆಗೆ ಸೊಳ್ಳೆಪರದೆ ಕಟ್ಟಿ. ಟೇಬಲ್ ಫ್ಯಾನಿದ್ದರೆ ರಾತ್ರಿ ಒಂದು ಕಿಟಕಿಯಲ್ಲಿ ಹೊರಮುಖವಾಗಿ ಇಡಿ. ಅದು ಒಳಗಿನ ಬಿಸಿಗಾಳಿಯನ್ನು ಹೊರದೂಡುತ್ತದೆ, ಇನ್ನೊಂದು ಕಿಟಕಿಯಿಂದ ತಂಪು ತಾನಾಗಿ ಬರುತ್ತದೆ.

ಸೀಲಿಂಗ್ ಫ್ಯಾನು ನಿಧಾನವಾಗಿದ್ದರೆ ಹೊಸದು ಕೊಳ್ಳುವ ಮುಂಚೆ ಕೆಪಾಸಿಟರ್ ಬದಲಿಸಿ ನೋಡಿ. ಸಾಮಾನ್ಯ ಫ್ಯಾನಿಗೆ 2.5 ಮೈಕ್ರೋಫ್ಯಾರಡ್‌ದು. ಸವೆದ ಕೆಪಾಸಿಟರಿನಿಂದ ಗಾಳಿ ಕಡಿಮೆಯಾಗುತ್ತದೆ, ಹೊಸದು ಕೆಲವೇ ಹತ್ತು ರೂಪಾಯಿಗಳ ಮಾತು. ಮೇನ್ ಆಫ್ ಮಾಡಿಯೇ ಕೈ ಹಾಕಿ. ಕೂಲರ್ ನಮ್ಮ ಒಣ ಏಪ್ರಿಲಿಗೆ ಹೊಂದುತ್ತದೆ, ಒಂದು ಷರತ್ತಿನ ಮೇಲೆ: ಎದುರಿನ ಕಿಟಕಿ ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆಗೆ ಹವೆಯಲ್ಲಿ ತೇವ ತುಂಬಿ ಬೆವರು ಆರುವುದೇ ನಿಲ್ಲುತ್ತದೆ. ಬೋರಿನ ಗಡಸು ನೀರಿಗೆ ಪ್ಯಾಡಿನ ಮೇಲೆ ಬಿಳಿ ಉಪ್ಪು ಕಟ್ಟಿ ಗಾಳಿ ಕಟ್ಟುತ್ತದೆ. ವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ ಉಜ್ಜಿ ಒಣಗಿಸಿದರೆ ಡೆಂಗಿ ಸೊಳ್ಳೆಯ ಮರಿಯೂ ಸಾಯುತ್ತದೆ. ಕಬ್ಬಿಣದ ಕೂಲರಿಗೆ ಅರ್ಥಿಂಗ್ ಇಲ್ಲದಿದ್ದರೆ ಬಳಸಲೇಬೇಡಿ, ಒದ್ದೆ ನೆಲದ ಮೇಲೆ ಬರಿಗಾಲಿನ ಮಕ್ಕಳು ಓಡಾಡುತ್ತಾರೆ.

ಬಿಸಿಲಿನ ಸಂಕಟ ಮನೆಯವರಿಗೆಲ್ಲ ಸಮನಾಗಿ ಹಂಚಿಕೆಯಾಗುವುದಿಲ್ಲ. ಇದನ್ನು ಹೇಳಲೇಬೇಕು. ಗ್ಯಾಸಿನ ದೊಡ್ಡ ಒಲೆ ಪೂರ್ತಿ ಉರಿದರೆ ಎರಡು ಕಿಲೋವ್ಯಾಟ್ ಹೀಟರ್ ಹಚ್ಚಿಟ್ಟಂತೆ, ಅದರ ಮುಂದೆ ಮುದ್ದೆ ತಿರುವುತ್ತ ನಿಂತವರಿಗೆ ಫ್ಯಾನ್ ಹಾಕುವಂತೆಯೂ ಇಲ್ಲ, ಉರಿ ಆರುತ್ತದೆ. ಮಧ್ಯಾಹ್ನದ ಬಿಸಿ ಮುದ್ದೆ ಬೇಕೇ ಬೇಕು ಅನ್ನುವ ಗಂಡಸರು ಈ ಎರಡು ತಿಂಗಳು ಬಿಟ್ಟುಕೊಡಬೇಕು. ಬೆಳಿಗ್ಗೆ ಎಂಟರೊಳಗೆ ಒಲೆ ಆರಿಸಿ, ರಾತ್ರಿ ಏಳರ ಮೇಲೆ ಹಚ್ಚಿ. ಬೇಳೆ, ಕಾಳು ರಾತ್ರಿಯೇ ನೆನೆಹಾಕಿ. ಕುಕ್ಕರ್ ಒಂದು ಕೂಗು ಕೂಗಿದ ಮೇಲೆ ಇಳಿಸಿ ದಪ್ಪ ಕಂಬಳಿ ಸುತ್ತಿಟ್ಟರೆ ಉಳಿದದ್ದು ತಾನೇ ಬೇಯುತ್ತದೆ. ಮಧ್ಯಾಹ್ನಕ್ಕೆ ಅಂಬಲಿ: ಎರಡು ಚಮಚ ರಾಗಿ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಕದಡಿ, ಕುದಿಯುವ ಮೂರು ಲೋಟ ನೀರಿಗೆ ಹಾಕಿ ಹಸಿ ವಾಸನೆ ಹೋಗುವ ತನಕ ಕಾಯಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಈರುಳ್ಳಿ. ಜೊತೆಗೆ ಹೆಸರುಬೇಳೆ ಕೋಸಂಬರಿ. ತಾರಸಿಯಲ್ಲಿ ಮಲಗುವ ಸ್ವಾತಂತ್ರ್ಯವೂ ಗಂಡಸರದೇ. ಹೆಣ್ಣುಮಕ್ಕಳಿಗೆ ಆ ದಾರಿ ಇಲ್ಲವಾದರೆ ಮನೆಯ ಗಾಳಿಯಾಡುವ ಕಿಟಕಿಯ ಪಕ್ಕದ ಜಾಗ ಅವರದಾಗಬೇಕು.

ಅಜ್ಜ ಅಜ್ಜಿಯರಿಗೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ. ಬೇಕಾ ಅಂತ ಕೇಳಬೇಡಿ, ಗಂಟೆಗೊಮ್ಮೆ ಅರ್ಧ ಲೋಟ ಕೈಗೆ ಕೊಡಿ. ಹೃದಯ, ಕಿಡ್ನಿ ತೊಂದರೆಯವರಿಗೆ, ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರಿಗೆ ಎಷ್ಟು ನೀರು ಅನ್ನುವುದನ್ನು ಡಾಕ್ಟರನ್ನೇ ಕೇಳಿ. ಫ್ರಿಜ್ ಇಲ್ಲದ ಮನೆಯಲ್ಲಿ ಬಳಕೆಯಲ್ಲಿರುವ ಇನ್ಸುಲಿನ್ ಬಾಟಲಿಯನ್ನು ನೀರು ಹೋಗದಂತೆ ಡಬ್ಬಿಯಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿದ ಮಡಕೆಯೊಳಗೆ, ನೆರಳಲ್ಲಿ ಇಡಿ. ಆರು ತಿಂಗಳೊಳಗಿನ ಕೂಸಿಗೆ ನೀರು ಬೇಡ, ಎದೆಹಾಲನ್ನೇ ಹೆಚ್ಚು ಸಲ ಕೊಡಬೇಕು, ಹಾಗೆ ಕೊಡುವ ತಾಯಿಗೆ ನೀರು, ಮಜ್ಜಿಗೆ ಹೆಚ್ಚು ಬೇಕು. ಸೀರೆ ತೊಟ್ಟಿಲು ಕೂಸನ್ನು ಸುತ್ತುಗಟ್ಟಿ ಗಾಳಿ ತಡೆಯುತ್ತದೆ. ಹಗಲು ಶೀಟಿನಡಿ ಅದನ್ನು ಕಟ್ಟಬೇಡಿ, ಚಾಪೆಯ ಮೇಲೆ ತೆಳು ಹತ್ತಿ ಬಟ್ಟೆಯಲ್ಲಿ ಮಲಗಿಸಿ.

ಭೇದಿಯಾದರೆ, ಸುಸ್ತಾಗಿ ಬೆವರಿದರೆ ಓಆರ್‌ಎಸ್. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕರಗಿಸಬೇಕು, ಒಂದು ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗಿ ಅಪಾಯ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ತಲೆನೋವು, ವಾಕರಿಕೆ, ಮೀನಖಂಡದ ಸೆಳೆತ ಇದ್ದರೆ ನೆರಳು, ನೀರು, ವಿಶ್ರಾಂತಿಗೆ ಇಳಿಯುತ್ತದೆ. ಮಾತು ತೊದಲಿದರೆ, ಗುರುತು ತಪ್ಪಿದರೆ, ಮೈ ಕೆಂಡವಾಗಿ 104 ಫ್ಯಾರನ್‌ಹೀಟ್ ಮುಟ್ಟಿದರೆ ಅದು ಜ್ವರವಲ್ಲ, ಪ್ಯಾರಾಸಿಟಮಾಲ್ ಕೆಲಸ ಮಾಡದು. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವ ತನಕ ಬಟ್ಟೆ ಸಡಿಲಿಸಿ, ಮೈಮೇಲೆ ಬಿಂದಿಗೆಗಟ್ಟಲೆ ನೀರು ಹೊಯ್ಯುತ್ತ ಗಾಳಿ ಹಾಕುತ್ತಲೇ ಇರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಬಿಡಬೇಡಿ.

ತಾರಸಿಯ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಮೈಗೆ ಸುರಿದುಕೊಳ್ಳಲಾಗದಷ್ಟು ಕಾದಿರುತ್ತದೆ, ಹಾಗಾಗಿ ಬೆಳಿಗ್ಗೆಯೇ ಎರಡು ಬಕೆಟ್ ಹಿಡಿದು ಬಚ್ಚಲಲ್ಲಿ ಮುಚ್ಚಿಡಿ. ಮಕ್ಕಳ ಸ್ನಾನಕ್ಕೂ, ಇಂಥ ತುರ್ತಿಗೂ ಅದೇ ಒದಗುವುದು.

ಮೇ ತಿಂಗಳಲ್ಲಿ ಒಂದು ಸಂಜೆ ಪಡುವಣದಲ್ಲಿ ಮೋಡ ಕಟ್ಟಿ ಗಾಳಿ ಏಳುತ್ತದೆ. ಶೇಡ್ ನೆಟ್ಟಿನ ಗಾಳಿಮುಖದ ಹಗ್ಗಗಳನ್ನು ಮೊದಲು ಬಿಚ್ಚಿ ಸುತ್ತಿಡಿ, ಇಲ್ಲದಿದ್ದರೆ ಅದು ಹಾಯಿಯಂತೆ ಉಬ್ಬಿ ಗಳದ ಜೊತೆ ಶೀಟನ್ನೂ ಎತ್ತುತ್ತದೆ. ತಾರಸಿಯ ಗೋಣಿಚೀಲಗಳನ್ನು ತೆಗೆಯಿರಿ, ನೀರು ಹೋಗುವ ಕಿಂಡಿಗೆ ಅವೇ ಅಡ್ಡ ಸಿಕ್ಕಿಕೊಳ್ಳುತ್ತವೆ. ಮಳೆ ನಿಂತ ಮರುದಿನ ಹವೆಯಲ್ಲಿ ತೇವ ಏರಿರುತ್ತದೆ. ಕೂಲರಿನ ನೀರು ಬಿಡುವುದನ್ನು ನಿಲ್ಲಿಸಿ ಬರೀ ಫ್ಯಾನಾಗಿ ಓಡಿಸಿ, ಮೋಲ್ಡ್ ಮನೆಯ ಕಿಟಕಿಗಳನ್ನೂ ಅವತ್ತು ಹಗಲೇ ತೆರೆದಿಡಿ.